ಹತ್ತೊಂಬತ್ತನೇ ನಂಬರಿನ ಅಂಗಿ

ಆ ಸೀಸನ್ನಿನ ಮೊದಲ ಪಂದ್ಯದಲ್ಲೇ ಒಬ್ಬ ಗೋಲ್‌ಕೀಪರ್ ನನ್ನ ಮುಖಕ್ಕೆ ಉಗಿದ. ಎರಡನೆಯದರಲ್ಲಿ ಒಬ್ಬ ಕೋಚ್ ರೆಫರಿಗಳ ಕೋಣೆಯ ಬಾಗಿಲಿಗೆ ಒದ್ದು ಚಿಲಕ ಕಿತ್ತುಹಾಕಿದ. ಚಳಿಗಾಲ ಶುರುವಾಗುವ ಹೊತ್ತಿಗೆ ಇದೆಲ್ಲ ನನಗೆ ಒಗ್ಗಿಹೋಗಿತ್ತು. ಪರ್ತ್‌ನಲ್ಲಿ ಫುಟ್‌ಬಾಲ್ ಎಂದರೆ ಹೆಚ್ಚಿನವರಿಗೆ ಮೊಟ್ಟೆಯಾಕಾರದ ಚೆಂಡಿನ ಆಟ. ನಮ್ಮದು ದುಂಡು ಚೆಂಡಿನದು, ಅದರಲ್ಲೂ ಕೆಳಗಿನ ಡಿವಿಷನ್. ಆಡುವವರು ವಾರವಿಡೀ ಛಾವಣಿ ಹಾಕುವವರು, ಪ್ಲಂಬರ್‌ಗಳು, ಗಣಿಗೆ ಹೋಗಿಬರುವವರು. ವಾರದ ಸಿಟ್ಟನ್ನೆಲ್ಲ ಕಟ್ಟಿಟ್ಟುಕೊಂಡು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮೈದಾನಕ್ಕೆ ತಂದು ಸುರಿಯುತ್ತಿದ್ದರು. ಮಧ್ಯೆ ಸೀಟಿ ಹಿಡಿದು ನಿಲ್ಲುವವನು ನಾನು.

ವಾರದ ದಿನಗಳಲ್ಲಿ ನನ್ನ ಕೆಲಸ ರೈಲ್ವೆ ಸಿಗ್ನಲ್‌ಗಳ ವಿನ್ಯಾಸ. ಅಲ್ಲಿ ಒಂದು ನಂಬರನ್ನು ಮೂರು ಜನ ಮೂರು ಸಲ ನೋಡಿದ ಮೇಲೇ ಅದು ಹಳಿಯ ಪಕ್ಕಕ್ಕೆ ಹೋಗುತ್ತದೆ. ಆ ಗುಣವನ್ನೇ ಮೈದಾನಕ್ಕೂ ತಂದಿದ್ದೆ. ಕಾರ್ಡ್ ತೋರಿಸುವಾಗ ಆಟಗಾರನಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು: "ತಿರುಗು." ಅವನು ಬೆನ್ನು ತೋರಿಸುತ್ತಾನೆ, ನಾನು ನಂಬರು ಬರೆದುಕೊಳ್ಳುತ್ತೇನೆ, ಮುಗಿಯಿತು. ಅವರ ಹೆಸರುಗಳು ನನ್ನ ಬಾಯಲ್ಲಿ ಹೊರಳುವುದಿಲ್ಲ, ಬೈಗುಳಕ್ಕೆ ಎದುರು ಮಾತನಾಡುವ ತಾಳ್ಮೆಯೂ ಇಲ್ಲ. ಇಡೀ ಲೀಗಿನಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಪುಸ್ತಕ ಇಡುವ ರೆಫರಿ ಇನ್ನೊಬ್ಬನಿಲ್ಲ ಎಂದು ನಾನೇ ನಂಬಿಕೊಂಡಿದ್ದೆ.

ಆ ವರ್ಷ ನನಗೂ ಒಂದು ಆಸೆಯಿತ್ತು. ಲೀಗಿನ ಕೊನೆಗೆ ಎರಡರಿಂದ ಐದನೇ ಸ್ಥಾನದ ನಾಲ್ಕು ತಂಡಗಳು ಪ್ಲೇ-ಆಫ್ ಆಡುತ್ತವೆ. ಎರಡು ಸೆಮಿಫೈನಲ್, ಒಂದು ಫೈನಲ್. ಗೆದ್ದವರು ಮೇಲಿನ ಡಿವಿಷನ್‌ಗೆ ಹತ್ತುತ್ತಾರೆ. ಫೈನಲ್ ನಡೆಸಿದ ರೆಫರಿಯೂ ಸಾಮಾನ್ಯವಾಗಿ ಒಂದು ದರ್ಜೆ ಮೇಲೆ ಹತ್ತುತ್ತಾನೆ. ನನಗಾಗ ನಲವತ್ತೊಂದು ವರ್ಷ. ಆ ಸಲ ತಪ್ಪಿದರೆ ವಯಸ್ಸೇ ಅಡ್ಡ ಬರುತ್ತಿತ್ತು. ನಮಗೆ ಅಂಕ ಕೊಡುವ ಅಸೆಸರ್ ಹಳೆಯ ರೆಫರಿ, ಫ್ಲಾಸ್ಕು ಹಿಡಿದು ಸ್ಟ್ಯಾಂಡಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಎರಡು ವರ್ಷದಿಂದ ನನ್ನನ್ನು ಬೇರೆಯವನ ಹೆಸರಿನಿಂದ ಕರೆಯುತ್ತಿದ್ದ. ಆ ಬೇರೆಯವನೂ ರೆಫರಿ, ಕೇರಳದವನು, ಅಡಿಲೇಡ್‌ನ ಬ್ಲೇರ್ ಅಥಾಲ್‌ನಿಂದ ಇಲ್ಲಿಗೆ ಬಂದವನು. ನನಗಿಂತ ಒಂದು ಗೇಣು ಎತ್ತರ, ತಲೆ ಪೂರ್ತಿ ಬೋಳು. ನನ್ನ ತಲೆಯಲ್ಲಿ ಕೂದಲು ದಂಡಿಯಾಗಿದೆ.

ನಾನು ಒಮ್ಮೆಯೂ ತಿದ್ದಲಿಲ್ಲ, ಅಂಕ ಕಡಿಮೆಯಾದೀತೆಂಬ ಭಯ. ಮನೆಗೆ ಬಂದು ಮಾತ್ರ ಎಗರಾಡುತ್ತಿದ್ದೆ.

"ಇವರಿಗೆ ನಮ್ಮ ಮುಖ ಕಾಣೋದೇ ಇಲ್ಲ ಕಣೇ. ಕಂದು ಬಣ್ಣ ಕಂಡ್ರೆ ಸಾಕು, ಎಲ್ರೂ ಒಂದೇ ಇವರಿಗೆ."

"ಅವರ ಮುಂದೆ ಹೇಳ್ರೀ ಅದನ್ನ. ನನ್ನ ಮುಂದೆ ಹೇಳಿದ್ರೆ ಏನ್ ಬಂತು?" ಎನ್ನುತ್ತಿದ್ದಳು ಹೆಂಡತಿ. ಅವಳು ಮೈಸೂರಿನವಳು, ಮಾತನ್ನು ಸುತ್ತಿ ಬಳಸಿ ಆಡುವವಳಲ್ಲ.

ಸೆಮಿಫೈನಲ್ ನನಗೆ ಸಿಕ್ಕಿತು. ನೀಲಿ ಅಂಗಿಯ ತಂಡಕ್ಕೂ ಬಿಳಿ ಅಂಗಿಯ ತಂಡಕ್ಕೂ ಪಂದ್ಯ. ಲೀಗಿನಲ್ಲಿ ಎರಡು ಸಲ ಎದುರಾಗಿದ್ದರು, ಎರಡು ಸಲವೂ ಪಾರ್ಕಿಂಗ್ ಜಾಗದಲ್ಲಿ ಬಡಿದಾಡಿಕೊಂಡಿದ್ದರು. ನನ್ನ ಒಬ್ಬ ಲೈನ್ಸ್‌ಮನ್ ಮಂಗಳೂರು ಕಡೆಯ ಕ್ಯಾಥೊಲಿಕರು, ಇಪ್ಪತ್ತು ವರ್ಷ ಮಸ್ಕತ್‌ನಲ್ಲಿದ್ದು ಬಂದವರು, ನನಗಿಂತ ಹನ್ನೆರಡು ವರ್ಷ ಹಿರಿಯರು. ಮೈದಾನದಲ್ಲಿ ನಾವಿಬ್ಬರೂ ಕನ್ನಡದಲ್ಲೇ ಮಾತನಾಡಿಕೊಳ್ಳುತ್ತಿದ್ದೆವು. ಸುತ್ತ ಯಾರಿಗೂ ತಿಳಿಯದ ಭಾಷೆ ಇಂಥ ಕೆಲಸದಲ್ಲಿ ದೊಡ್ಡ ಅನುಕೂಲ. ಹತ್ತು ನಿಮಿಷ ಆಗುವುದರೊಳಗೆ ಅವರು ಗೆರೆಯ ಪಕ್ಕದಿಂದ ಕೂಗಿದರು: "ಎಂತ ಮಾರಾಯ್ರೆ, ಇವರು ಆಡ್ಲಿಕ್ಕೆ ಬಂದದ್ದಾ, ಹೊಡೆದಾಡ್ಲಿಕ್ಕೆ ಬಂದದ್ದಾ?"

ಹಿಂದಿನ ದಿನ ಸುರಿದ ಮಳೆಗೆ ಮೈದಾನ ಕೆಸರು ಗದ್ದೆಯಾಗಿತ್ತು. ಅರ್ಧಕ್ಕರ್ಧ ಆಟಗಾರರಿಗೆ ಗಡ್ಡ, ಹಣೆಯಿಂದ ಮೊಣಕಾಲಿನವರೆಗೆ ಕೆಸರು. ನೀಲಿಯವರ ಆರನೇ ನಂಬರಿನವನಿಗೆ ಬಿಳಿಯವರ ಹನ್ನೊಂದನೇ ನಂಬರಿನವನನ್ನು ಮಟ್ಟಹಾಕಲೆಂದೇ ಹೇಳಿ ಕಳಿಸಿದಂತಿತ್ತು. ಹನ್ನೊಂದನೆಯವನು ಎಡಗಡೆಯಿಂದ ಓಡುವ ಸಣಕಲ, ಚೆಂಡು ಕಾಲಿಗೆ ಸಿಕ್ಕರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಆರನೆಯವನು ಮೊದಲು ಮೊಣಕೈಯಿಂದ ಅವನ ಪಕ್ಕೆಗೆ ಗುದ್ದಿದ, ಎಚ್ಚರಿಕೆ ಕೊಟ್ಟೆ. ಇಪ್ಪತ್ತೊಂಬತ್ತನೇ ನಿಮಿಷದಲ್ಲಿ ಬಿದ್ದವನ ಪಾದದ ಮೇಲೆ ಬೂಟಿಟ್ಟು ತುಳಿದ.

"ತಿರುಗು," ಎಂದೆ. ಹಳದಿ ಕಾರ್ಡ್ ತೋರಿಸಿ ಪುಸ್ತಕದಲ್ಲಿ 6 ಎಂದು ಬರೆದೆ. ಇನ್ನೊಂದು ಹಳದಿ ಬಿದ್ದರೆ ಅದು ಕೆಂಪಿಗೆ ಸಮ, ಅವನು ಹೊರಗೆ.

ನಲವತ್ತಮೂರನೇ ನಿಮಿಷಕ್ಕೆ ಒಂದು ಕಾರ್ನರ್ ಕಿಕ್. ಚೆಂಡು ಬರುವಾಗ ಏಳೆಂಟು ಜನ ಒಟ್ಟಿಗೆ ಮೇಲೆ ಜಿಗಿದರು. ಕೆಳಗಿಳಿದಾಗ ಬಿಳಿ ತಂಡದ ಒಬ್ಬನ ಮೂಗು ಇದ್ದ ಜಾಗದಲ್ಲಿರಲಿಲ್ಲ. ಯಾರ ತಲೆ, ಯಾರ ಮೊಣಕೈ ಎಂಬುದನ್ನು ನಾವು ಮೂವರೂ ಕಾಣಲಿಲ್ಲ. ಅವನ ಮೂಗಿನಿಂದ ಚಿಮ್ಮಿದ ರಕ್ತವೆಲ್ಲ ಪಕ್ಕದಲ್ಲಿದ್ದ ಆರನೆಯವನ ಎದೆಯ ಮೇಲೆ ಬಿತ್ತು. ಅವನು ಅದನ್ನು ನೋಡಿಕೊಂಡು ನಕ್ಕ. ಆ ನಗುವಿಗೆ ಎರಡೂ ಕಡೆಯ ಬದಲಿ ಆಟಗಾರರು ಬೆಂಚಿನಿಂದೆದ್ದು ಒಳಗೆ ನುಗ್ಗಿದರು. ಒಬ್ಬನು ಮೂಲೆಯ ಧ್ವಜದ ಕೋಲು ಕಿತ್ತುಕೊಂಡು ಬೀಸಿದ. ಬಿದ್ದವನೊಬ್ಬನ ಬೆನ್ನಿಗೆ ಇಬ್ಬರು ಒದೆಯುತ್ತಿದ್ದರು. ನಡುವೆ ಹೋದ ನನ್ನ ಕಣಕಾಲಿಗೂ ಯಾರದೋ ಬೂಟಿನ ತಳದ ಸ್ಟಡ್ಡುಗಳು ಬಿದ್ದವು. ನಾಲ್ಕು ನಿಮಿಷ ಸೀಟಿ ಊದಿ ಊದಿ ಅಂತೂ ಮೊದಲರ್ಧ ಮುಗಿಸಿದೆ.

ಆಟದಲ್ಲಿ ಒಂದು ನಿಯಮವಿದೆ. ಅಂಗಿಗೆ ರಕ್ತ ತಾಗಿದರೆ, ಅದು ಯಾರದ್ದೇ ಆಗಿರಲಿ, ಆ ಅಂಗಿ ಬದಲಾಯಿಸಬೇಕು. ದೊಡ್ಡ ಕ್ಲಬ್ಬುಗಳು ಅದೇ ನಂಬರಿನ ಎರಡನೇ ಅಂಗಿ ಇಟ್ಟಿರುತ್ತವೆ. ಇಲ್ಲಿ ಚೀಲದ ತಳದಲ್ಲಿ ಯಾವುದಿದೆಯೋ ಅದು. ವಿರಾಮದಲ್ಲಿ ನಾನು ಕಾಲಿನ ಗಾಯಕ್ಕೆ ಐಸ್ ಒತ್ತಿಕೊಂಡು, ಒದ್ದೆಯಾದ ಪುಸ್ತಕದ ಹಾಳೆಗಳನ್ನು ಹೀಟರಿಗೆ ಹಿಡಿದಿದ್ದೆ. ಹೊರಗೆ ಬಿಳಿಯವರ ಕೋಚ್ ಬಾಗಿಲು ಬಡಿಯುತ್ತ ಅರಚುತ್ತಿದ್ದ. ಆಗ ಮಂಗಳೂರಿನವರು ಒಳಗೆ ಬಂದರು.

"ನೀಲಿಯವರ ಮ್ಯಾನೇಜರ್ ಹೇಳಿ ಹೋದ. ಆರನೆಯವನ ಅಂಗಿಗೆಲ್ಲ ರಕ್ತ. ಇನ್ನು ಅವ ಹತ್ತೊಂಬತ್ತು ಹಾಕಿ ಬರ್ತಾನೆ. ಬರ್ಕೊಳ್ಳಿ."

"ಆಯ್ತು," ಎಂದೆ.

ನಾನು ಆ ಮಾತು ಕೇಳಿಸಿಕೊಂಡೆ, ಆಯ್ತು ಎಂದೂ ಹೇಳಿದೆ. ಆದರೆ ಬರೆದುಕೊಳ್ಳಲಿಲ್ಲ. ಹಾಳೆ ಒದ್ದೆಯಿತ್ತು, ಆರಿದ ಮೇಲೆ ಬರೆಯೋಣ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲು ಬಡಿತ ಜೋರಾಯಿತು. ಎದ್ದು ಹೋಗಿ ಆ ಕೋಚಿಗೆ ಎಚ್ಚರಿಕೆ ಕೊಟ್ಟು ಬರುವಾಗ ಅಂಗಿಯ ವಿಷಯ ತಲೆಯಿಂದ ಹಾರಿಹೋಗಿತ್ತು.

ಐವತ್ತೆಂಟನೇ ನಿಮಿಷ. ಹನ್ನೊಂದನೆಯವನು ಚೆಂಡು ತೆಗೆದುಕೊಂಡು ಓಡುತ್ತಿದ್ದ. ನೀಲಿ ಅಂಗಿಯ ಗಡ್ಡದವನೊಬ್ಬ ಹಿಂದಿನಿಂದ ಅವನ ಕುತ್ತಿಗೆಗೇ ಕೈಹಾಕಿ ಕೆಡವಿದ. ನಾನು ಓಡಿಹೋಗಿ ಹಳದಿ ಕಾರ್ಡ್ ಎತ್ತಿದೆ.

"ತಿರುಗು."

ಅವನು ತಿರುಗಿದ. 19 ಎಂದು ಬರೆದೆ.

ಬಿಳಿ ತಂಡದ ಕ್ಯಾಪ್ಟನ್ ಕೆಂಡದಂತಾಗಿ ಬಂದ. "ಅವನಿಗೆ ಆಗಲೇ ಒಂದು ಬಿದ್ದಿದೆ, ರೆಫ್! ಇದು ಎರಡನೇದು! ಹೊರಗೆ ಕಳಿಸು!"

ನಾನು ಪುಸ್ತಕ ತೆರೆದು ನೋಡಿದೆ. ಮೊದಲರ್ಧದ ಪಟ್ಟಿಯಲ್ಲಿ ಹತ್ತೊಂಬತ್ತು ಇರಲಿಲ್ಲ. "ನನಗೂ ಎಣಿಸೋಕೆ ಬರುತ್ತೆ," ಎಂದೆ. ಆ ಮಾತನ್ನು ನಾನು ಎಂಥ ಗತ್ತಿನಿಂದ ಹೇಳಿದೆ ಎಂದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಮಂಗಳೂರಿನವರು ಅದೇ ಹೊತ್ತಿಗೆ ಆಚೆ ಗೆರೆಯಲ್ಲಿ ಇಬ್ಬರು ಬದಲಿ ಆಟಗಾರರು ಕೊರಳಪಟ್ಟಿ ಹಿಡಿದುಕೊಂಡಿದ್ದನ್ನು ಬಿಡಿಸುತ್ತಿದ್ದರು, ಅವರ ಬೆನ್ನು ನಮ್ಮ ಕಡೆಗಿತ್ತು. ಆ ಗಡ್ಡದವನು ಒಂದು ಕ್ಷಣ ನನ್ನನ್ನೇ ನೋಡಿದ. ತಾನು ಹೊರಗೆ ಹೋಗಬೇಕಾದವನೆಂದು ಅವನಿಗೆ ಗೊತ್ತಿತ್ತು. ನಂತರ ನಿಧಾನಕ್ಕೆ ತನ್ನ ಜಾಗಕ್ಕೆ ನಡೆದ.

ಎಪ್ಪತ್ತೊಂದನೇ ನಿಮಿಷದಲ್ಲಿ ಹನ್ನೊಂದನೆಯವನಿಗೆ ಮತ್ತೆ ಚೆಂಡು ಸಿಕ್ಕಿತು. ಅವನ ಕಣ್ಣು ಚೆಂಡಿನ ಮೇಲಿತ್ತು. ಹತ್ತೊಂಬತ್ತು ನಂಬರಿನವನು ಪಕ್ಕದಿಂದ ಓಡಿಬಂದು ಎರಡೂ ಕಾಲು ಎತ್ತಿ ಹಾರಿದ. ಚೆಂಡು ಆಗಲೇ ಮುಂದೆ ಹೋಗಿತ್ತು. ಕಬ್ಬನ್ನು ಮಂಡಿಗೆ ಕೊಟ್ಟು ಮುರಿದಂಥ ಸದ್ದು. ಆ ಸದ್ದು ಬೇಲಿಯಾಚೆ ಸಾಸೇಜ್ ಸುಡುತ್ತಿದ್ದವನಿಗೂ ಕೇಳಿಸಿತಂತೆ. ಮೊಣಕಾಲಿನ ಕೆಳಗೆ ಎಡಗಾಲು ಹೊರಗಡೆಗೆ ಬಾಗಿತ್ತು, ಕಾಲುಚೀಲ ಹರಿದು ಮೂಳೆ ಆಚೆ ಬಂದಿತ್ತು. ಅವನು ಮೊದಲು ಕೂಗಲಿಲ್ಲ. ತನ್ನ ಕಾಲನ್ನು ತಾನೇ ನೋಡಿದ ಮೇಲೆ ಕೂಗಿದ.

ಕೆಂಪು ಕಾರ್ಡ್ ತೋರಿಸಿದೆ. ಆಗಲೂ ಹಾಳು ಅಭ್ಯಾಸ ಬಿಡಲಿಲ್ಲ, "ತಿರುಗು" ಎಂದೆ. ಅವನು ಹೋಗುವಾಗ ಬಿಳಿ ತಂಡದ ಒಬ್ಬ ಅವನ ದವಡೆಗೆ ಒಂದು ಬಿಗಿದ, ಅವನನ್ನೂ ಹೊರಗೆ ಕಳಿಸಿದೆ. ಆಂಬುಲೆನ್ಸ್ ಮೈದಾನದ ಮಧ್ಯಕ್ಕೇ ಬಂತು. ಆಟ ಮತ್ತೆ ಶುರುವಾಗಿ, ನೀಲಿಯವರು ಎರಡಕ್ಕೆ ಒಂದು ಗೋಲಿನಿಂದ ಗೆದ್ದು ಫೈನಲ್‌ಗೆ ಹೋದರು. ಅಸೆಸರ್ ಬಂದು ನನ್ನ ಬೆನ್ನು ತಟ್ಟಿ, ಕಷ್ಟದ ಪಂದ್ಯವನ್ನು ಚೆನ್ನಾಗಿ ನಿಭಾಯಿಸಿದೆ ಎಂದ. ಹೆಸರು ಮಾತ್ರ ಕೇರಳದವನದ್ದೇ.

ಅದೇ ಸಂಜೆ ಥಾರ್ನ್ಲಿ ಬಡಾವಣೆಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪಂದ್ಯದ ವರದಿ ತುಂಬತೊಡಗಿದೆ. ಕಾರ್ಡ್ ಸಿಕ್ಕವರ ನಂಬರು ಹಾಕಿದರೆ ಹೆಸರು ತಾನಾಗಿ ಬರುತ್ತದೆ. 6 ಹಾಕಿದೆ, ಬಂತು. 19 ಹಾಕಿದೆ, ಬರಲಿಲ್ಲ. ಇನ್ನೊಮ್ಮೆ ಹಾಕಿದೆ. ತಂಡದ ಪಟ್ಟಿ ತೆಗೆದು ನೋಡಿದರೆ ಅದರಲ್ಲಿದ್ದುದು ಹದಿನಾರನೇ ನಂಬರಿನವರೆಗೆ ಮಾತ್ರ.

"ಬರ್ಕೊಳ್ಳಿ" ಎಂಬ ಮಾತು ಆಗ ಕಿವಿಯಲ್ಲಿ ಕೇಳಿಸಿತು. ಐವತ್ತೆಂಟನೇ ನಿಮಿಷದಲ್ಲಿ ಅವನು ಹೊರಗೆ ಹೋಗಬೇಕಿತ್ತು. ಎಪ್ಪತ್ತೊಂದನೇ ನಿಮಿಷದಲ್ಲಿ ಅವನು ಮೈದಾನದಲ್ಲೇ ಇರಬಾರದಿತ್ತು. ನಾನು ಒಂದು ಸಾಲು ಬರೆದಿದ್ದರೆ ಆ ಕಾಲು ಮುರಿಯುತ್ತಿರಲಿಲ್ಲ.

ಮಂಗಳೂರಿನವರಿಗೆ ಫೋನ್ ಮಾಡಿದೆ. ಅವರಿಗೆ ಆಗಲೇ ಗೊತ್ತಿತ್ತು. ಕೆಂಪು ಕಾರ್ಡ್ ತೋರಿಸಿದಾಗಲೇ ಹೊಳೆದಿತ್ತಂತೆ.

"ಮತ್ತೆ ಯಾಕೆ ಹೇಳಲಿಲ್ಲ ಸರ್?"

"ಆಗ ಹೇಳಿ ಎಂತ ಪ್ರಯೋಜನ ಮಾರಾಯ್ರೆ? ಕಾಲು ಮುರಿದಾಗಿತ್ತು. ನೀವು ಎರಡನೇ ಹಳದಿ ಬಿಟ್ಟುಬಿಡಿ. ಆರನೆಯವನಿಗೆ ಒಂದು ಹಳದಿ, ಒಂದು ಕೆಂಪು ಅಂತ ಹಾಕಿ. ನೀಲಿಯವರು ಬಾಯಿ ಬಿಡ್ಲಿಕ್ಕಿಲ್ಲ, ಬಿಳಿಯವರ ಮಾತು ಯಾರೂ ಕೇಳ್ಲಿಕ್ಕಿಲ್ಲ. ನಾನು ನಿಮಗೆ ಹೇಳಿದ್ದು ಕನ್ನಡದಲ್ಲಿ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತುಂಟು. ಫೈನಲ್ ನಿಮಗೇ ಅಂತ ಎಲ್ಲರೂ ಹೇಳ್ತಿದ್ದಾರೆ."

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ವರದಿಯಲ್ಲಿ ಒಂದು ಸಾಲು ಬಿಟ್ಟರೆ ಸಾಕಿತ್ತು. ಸೋಮವಾರ ಮಧ್ಯಾಹ್ನದವರೆಗೆ ಸಮಯವಿತ್ತು, ಕಂಪ್ಯೂಟರ್ ಮುಚ್ಚಿಟ್ಟೆ.

ಭಾನುವಾರ ಆಸ್ಪತ್ರೆಗೆ ಹೋದೆ. ರೆಫರಿಗಳು ಹಾಗೆಲ್ಲ ಹೋಗುವ ರೂಢಿಯಿಲ್ಲ. ಆ ಕಾಲಿಗೆ ಆಪರೇಷನ್ ಆಗಿತ್ತು, ಸುತ್ತ ಕಬ್ಬಿಣದ ಚೌಕಟ್ಟು. ಕೆಸರು ತೊಳೆದ ಮುಖ ನೋಡಿ ನಾನು ಗುರುತು ಹಿಡಿಯಲಿಲ್ಲ, ಕಾಲು ನೋಡಿ ಇವನೇ ಎಂದುಕೊಂಡೆ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಛಾವಣಿ ಹಾಕುವ ಕೆಲಸ, ಇನ್ನು ಏಣಿ ಹತ್ತುವುದು ಯಾವಾಗಲೋ ಗೊತ್ತಿಲ್ಲ ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾರದು ಹೊಡೆದದ್ದು?" ಎಂದು ಕೇಳಿದ. "ನಾನು ಚೆಂಡು ನೋಡ್ತಿದ್ದೆ. ಇಡೀ ಪಂದ್ಯ ಪೆಟ್ಟು ಬಿದ್ದದ್ದೆಲ್ಲ ಹಿಂದಿನಿಂದ, ಪಕ್ಕದಿಂದಲೇ."

"ಹತ್ತೊಂಬತ್ತು," ಎಂದೆ. "ಅಂದ್ರೆ, ಆರು."

"ನಂಬರ್ ಬೇಡ ಮೇಟ್. ಹೇಗಿದ್ದಾನೆ ನೋಡೋಕೆ? ನಾಳೆ ಅಂಗಡೀಲೋ ಪೆಟ್ರೋಲ್ ಬಂಕಲ್ಲೋ ನನ್ನ ಪಕ್ಕದಲ್ಲೇ ನಿಂತಿದ್ರೆ ನನಗೆ ಗೊತ್ತಾಗಬೇಕು."

ನಾನು ಬಾಯಿ ತೆರೆದೆ. ಗಡ್ಡ ಎಂದೆ. ಅದರ ಮುಂದೆ ಏನೂ ಹೊಳೆಯಲಿಲ್ಲ. ಆ ಮನುಷ್ಯನಿಗೆ ಎರಡು ಅಡಿ ದೂರದಲ್ಲಿ ನಿಂತು ಮೂರು ಸಲ ಕಾರ್ಡ್ ತೋರಿಸಿದ್ದೆ. ಅವನ ಕಣ್ಣು, ಕಿವಿ, ಮೂಗು ಯಾವುದೂ ನನಗೆ ಗೊತ್ತಿರಲಿಲ್ಲ. ಹಾಸಿಗೆಯಲ್ಲಿದ್ದವನು ಕಾಯುತ್ತಿದ್ದ. ನಾನು ತಂದಿದ್ದ ದ್ರಾಕ್ಷಿಯನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಒಲೆ ಆರಿಸಿ ತಿರುಗಿದಳು.

"ಅವ್ನು ಆರು, ಇವ್ನು ಹತ್ತೊಂಬತ್ತು ಅಂದ್ಕೊಂಡ್ರಾ? ಒಂದೇ ಮುಖ ಅಲ್ವೇನ್ರೀ ಎರಡೂ?"

"ಕೆಸರಿತ್ತು ಕಣೇ. ಎಲ್ರಿಗೂ ಗಡ್ಡ."

"ಅವರ ಕ್ಯಾಪ್ಟನ್‌ಗೂ ಅದೇ ಕೆಸರೇ ಅಲ್ವಾ ಕಾಣ್ತಿದ್ದದ್ದು? ಅವನಿಗೆ ಗೊತ್ತಾಯ್ತಲ್ಲ."

ಹದಿನೈದರ ಮಗಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಅಪ್ಪಾ, ಜಸ್ಟ್ ಟೆಲ್ ದೆಮ್," ಎಂದಳು, ತಲೆಯೆತ್ತದೆ.

ಸೋಮವಾರ ಬೆಳಗ್ಗೆ ಆಫೀಸಿಗೆ ಹೋಗುವ ಮೊದಲು ವರದಿ ಮುಗಿಸಿದೆ. ಎರಡನೇ ಹಳದಿಯನ್ನೂ ಹಾಕಿದೆ. ಅಂಗಿ ಬದಲಾದದ್ದನ್ನು ನನಗೆ ವಿರಾಮದಲ್ಲೇ ತಿಳಿಸಲಾಗಿತ್ತು, ನಾನು ದಾಖಲಿಸಲಿಲ್ಲ, ಲೈನ್ಸ್‌ಮನ್‌ದು ಯಾವ ತಪ್ಪೂ ಇಲ್ಲ ಎಂದು ಬರೆದೆ. ಕಳಿಸುವ ಗುಂಡಿ ಒತ್ತುವಾಗ ಫೈನಲ್ ಕೈತಪ್ಪಿತೆಂದು ಗೊತ್ತಿತ್ತು. ದುಃಖವಾಯಿತು. ಆಗಲಿಲ್ಲ ಎಂದರೆ ಸುಳ್ಳು.

ಬುಧವಾರ ಶಿಸ್ತು ಸಮಿತಿಯ ವಿಚಾರಣೆ. ಮೇಜಿನ ಆಚೆ ಮೂವರು, ಗೋಡೆಯ ಪಕ್ಕ ಅಸೆಸರ್. ನೀಲಿ ಕ್ಲಬ್ಬಿನಿಂದ ಕೋಟು ಹಾಕಿದ ಇಬ್ಬರು ಬಂದರು. ಇಬ್ಬರೂ ನುಣ್ಣಗೆ ಕ್ಷೌರ ಮಾಡಿಕೊಂಡಿದ್ದರು. ಯಾರು ಆಟಗಾರ, ಯಾರು ಅವನ ಪರ ಮಾತನಾಡಲು ಬಂದವನು ಎಂದು ಒಬ್ಬ ಬಾಯಿ ತೆರೆಯುವವರೆಗೂ ನನಗೆ ತಿಳಿಯಲಿಲ್ಲ. ಮಾತನಾಡುವವನು ಚುರುಕಾಗಿದ್ದ. ರೆಫರಿಗೇ ಆಟದ ಮೇಲೆ ಹಿಡಿತವಿರಲಿಲ್ಲ, ಅದಕ್ಕೇ ಹುಡುಗರು ಕೈಮೀರಿದರು ಎಂಬುದು ಅವನ ವಾದ.

"ಒಂದೇ ಮನುಷ್ಯನಿಗೆ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಕಾರ್ಡ್ ಕೊಟ್ಟಿರಿ," ಎಂದ. "ಎದುರಿಗೇ ನಿಂತು. ಅಂಗಿ ಬದಲಾಗಿತ್ತು, ಸರಿ. ಮನುಷ್ಯ ಬದಲಾಗಿರಲಿಲ್ಲವಲ್ಲ. ನಿಮಗೆ ಗುರುತು ಸಿಗಲಿಲ್ಲವೇ?"

ಉತ್ತರ ಸಿದ್ಧವಾಗಿತ್ತು. ಕೆಸರು, ಮಳೆ, ಗಲಾಟೆ. ಎಲ್ಲವೂ ನಿಜವೇ. ಗೋಡೆಯ ಪಕ್ಕ ಕೂತಿದ್ದ ಅಸೆಸರ್‌ನನ್ನು ಒಮ್ಮೆ ನೋಡಿದೆ.

"ಇಲ್ಲ," ಎಂದೆ. "ನಾನು ಕಾರ್ಡ್ ಕೊಡುವಾಗ ಎಲ್ಲರನ್ನೂ ತಿರುಗಲು ಹೇಳುತ್ತೇನೆ. ಅವನ ಬೆನ್ನನ್ನು ಮೂರು ಸಲ ನೋಡಿದ್ದೇನೆ, ಮುಖ ನೋಡಿಲ್ಲ. ನೋಡಿದ್ದರೂ ಗೊತ್ತಾಗುತ್ತಿತ್ತೋ ಇಲ್ಲವೋ. ಗಡ್ಡ ಬಿಟ್ಟ ಬಿಳಿ ಚರ್ಮದವರೆಲ್ಲ ನನಗೆ ಒಂದೇ ತರ ಕಾಣುತ್ತಾರೆ. ಅದು ನನ್ನ ತಪ್ಪು. ಆ ತಪ್ಪಿಗೆ ಇನ್ನೊಬ್ಬನ ಕಾಲು ಹೋಯಿತು."

ಅಸೆಸರ್‌ನ ಮುಖ ಕೆಂಪೇರಿತು, ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ. ಆಟಗಾರ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ನಾನೂ ಆ ದಿನ ಅವನನ್ನು ನೋಡಿದೆ. ನೀರಿನಂಥ ತಿಳಿ ಕಣ್ಣು, ಎಡಗಿವಿಯ ತುದಿ ಎಂದೋ ಹರಿದು ಹೊಲಿದದ್ದು, ಮೇಲ್ದುಟಿಯ ಮೇಲೆ ಹಳೆಯ ಗಾಯದ ಗೆರೆ.

ಅವನಿಗೆ ಅರ್ಧ ಸೀಸನ್ ನಿಷೇಧ ಹಾಕಿದರು. ಪಂದ್ಯದ ಫಲಿತಾಂಶ ಹಾಗೇ ಉಳಿಯಿತು. ನೀಲಿಯವರು ಫೈನಲ್ಲೂ ಗೆದ್ದು ಮೇಲೆ ಹತ್ತಿದರು. ಫೈನಲ್ ನಡೆಸಿದ್ದು ಕೇರಳದವನು. ಮರುವಾರ ದೇಶದ ಆಚೆ ತುದಿಯ ಸನ್ನಿಬ್ಯಾಂಕ್‌ನಿಂದ ನನ್ನ ಭಾವಮೈದ ಫೋನ್ ಮಾಡಿ, "ಫೈನಲ್ ವಿಡಿಯೋ ನೋಡಿದೆ, ಚೆನ್ನಾಗಿ ಮಾಡಿದ್ರಿ, ತಲೆ ಯಾಕ್ರೀ ಬೋಳಿಸ್ಕೊಂಡ್ರಿ?" ಎಂದ. ದೂರದಿಂದ ತೆಗೆದ ವಿಡಿಯೋ, ಅವನ ತಪ್ಪೇನೂ ಇರಲಿಲ್ಲ. ಆದರೂ ತಿಂಗಳಲ್ಲಿ ಮೊದಲ ಸಲ ಮನೆಯಲ್ಲಿ ಎಲ್ಲರೂ ನಕ್ಕೆವು. ನನ್ನನ್ನು ಎರಡು ದರ್ಜೆ ಕೆಳಗಿಳಿಸಿದ ಪತ್ರವೂ ಬಂತು. ಅಸೆಸರ್‌ನ ಸಹಿ. ಅದರಲ್ಲಿ ನನ್ನ ಹೆಸರು, ಅಪ್ಪನ ಹೆಸರಿನ ಸಮೇತ, ಒಂದಕ್ಷರ ತಪ್ಪಿಲ್ಲದೆ ಬರೆದಿತ್ತು.

ಹನ್ನೊಂದನೆಯವನಿಗೆ ನಾನು ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಕಳಿಸಿದೆ. ಅವನನ್ನು ಕೆಡವಿದವನ ಮುಖ ಹೇಗಿದೆ ಎಂಬುದನ್ನೂ ಬರೆದೆ, ಅವನು ಕೇಳಿದ್ದು ಅದನ್ನೇ. ಉತ್ತರ ಬರಲಿಲ್ಲ. ಅವನು ಮತ್ತೆ ಆಡಲಿಲ್ಲವೆಂದು ಆಮೇಲೆ ಕೇಳಿದೆ.

ಮರುವರ್ಷ ತೀರಾ ಕೆಳಗಿನ ಡಿವಿಷನ್ನಿನಲ್ಲಿ ಸೀಟಿ ಹಿಡಿದೆ. ಅಲ್ಲಿ ಲೈನ್ಸ್‌ಮನ್‌ಗಳಿಲ್ಲ, ಸ್ಟ್ಯಾಂಡಿಲ್ಲ, ಕೆಲವೊಮ್ಮೆ ಗೆರೆಯನ್ನೂ ನಾವೇ ಎಳೆಯಬೇಕು. ಆಟ ಶುರುವಾಗುವ ಮೊದಲು ಡ್ರೆಸ್ಸಿಂಗ್ ರೂಮಿಗೆ ಹೋಗಿ ಬೂಟಿನ ಸ್ಟಡ್ಡುಗಳನ್ನು ತಪಾಸಣೆ ಮಾಡುವುದು ರೆಫರಿಯ ಕೆಲಸ. ಮೊದಲೆಲ್ಲ ಬೂಟು ನೋಡಿ ಮುಂದೆ ಹೋಗುತ್ತಿದ್ದೆ. ಈಗ ಬೂಟಿನಿಂದ ಮೇಲೆ ಮುಖದವರೆಗೆ ನೋಡುತ್ತೇನೆ. ಕೆಲವರಿಗೆ ಮುಜುಗರವಾಗುತ್ತದೆ, ಆಗಲಿ.

ಸೀಸನ್ನಿನ ಅರ್ಧ ಕಳೆದ ಮೇಲೆ ಒಂದು ಶನಿವಾರ ಹಾಗೆ ನೋಡುತ್ತ ಹೋದಾಗ ಬೆಂಚಿನ ತುದಿಯಲ್ಲಿ ಅವನಿದ್ದ. ನೀಲಿ ಕ್ಲಬ್ಬು ಅವನನ್ನು ಕೈಬಿಟ್ಟಿತ್ತು. ಗಡ್ಡ ಮತ್ತೆ ಬೆಳೆದಿತ್ತು, ಅಂಗಿಯ ಬಣ್ಣ ಬೇರೆ. ಕಿವಿ ನೋಡುವ ಮೊದಲೇ ನನಗೆ ಗೊತ್ತಾಯಿತು.

"ನೀನಾ," ಎಂದ.

"ನಾನೇ," ಎಂದೆ. ಸ್ಟಡ್ಡು ಸರಿಯಾಗಿದ್ದವು.

ಇಪ್ಪತ್ತನೇ ನಿಮಿಷದಲ್ಲಿ ಒಬ್ಬನ ಬೆನ್ನಿಗೆ ಮೊಣಕಾಲಿಟ್ಟ, ಹಳದಿ ತೋರಿಸಿದೆ. ವಿರಾಮದ ನಂತರ ಮತ್ತೆ ಅದೇ ಓಟ, ಪಕ್ಕದಿಂದ, ಚೆಂಡು ಆಗಲೇ ಹೋಗಿದೆ, ಅದೇ ಎರಡು ಕಾಲು ಎತ್ತಿ ಹಾರಿದ. ಎದುರಿನವನು ಹೇಗೋ ನೆಗೆದು ತಪ್ಪಿಸಿಕೊಂಡ. ಸೀಟಿ ಊದಿದೆ. ಓಡಿಹೋಗಿ ಅವನೆದುರು ನಿಂತೆ. ಅವನು ತಾನೇ ತಿರುಗಿ ಬೆನ್ನು ತೋರಿಸಿದ.

"ಬೇಡ," ಎಂದೆ. "ಈ ಕಡೆ ನೋಡು."

ಅವನು ಮುಖ ತಿರುಗಿಸಿ ನನ್ನನ್ನು ನೋಡಿದ ಮೇಲೆ ಕೆಂಪು ಕಾರ್ಡ್ ಎತ್ತಿದೆ. ಅವನ ಬೆನ್ನಿನ ಮೇಲೆ ಯಾವ ನಂಬರಿತ್ತೆಂದು ಸಂಜೆ ವರದಿ ಬರೆಯುವಾಗ ತಂಡದ ಪಟ್ಟಿ ತೆಗೆದು ನೋಡಬೇಕಾಯಿತು.